ಜಾಲಪುಟಗಳ ಸಂಗ್ರಹಣೆ ಮತ್ತು ಕುಕಿ: ಆಕರವಿಮರ್ಶೆಯ ಒಂದು ಪ್ರಶ್ನೆ

ಬಿ. ಎಲ್. ರೈಸರು 1902ರಲ್ಲಿ ಪ್ರಕಟಿಸಿದ 'ಎಪಿಗ್ರಾಫಿಯಾ ಕರ್ನಾಟಿಕಾ'ದ ಐದನೆಯ ಸಂಪುಟದಲ್ಲಿ, ಹಳ್ಳಿಮೈಸೂರು ಸೇರಿರುವ ಹೊಳೆನರಸೀಪುರ ತಾಲ್ಲೂಕಿನ ಶಾಸನಗಳಿವೆ. ಇಂತಹ ಆಕರಗಳನ್ನು ಸಂಶೋಧಕರು ಇಂದು ಸ್ಕ್ರಿಪ್ಟುಗಳ ಮೂಲಕ ಅಂತರಜಾಲದಿಂದಲೂ ಸಂಗ್ರಹಿಸುವುದುಂಟು. ಲಾಗಿನ್ ಆದವರಿಗೆ ಮಾತ್ರ ಪುಟಗಳನ್ನು ತೋರಿಸುವ ಭಂಡಾರಗಳಲ್ಲಿ ಸಂಗ್ರಹದ ಪ್ರಾಮಾಣ್ಯವನ್ನು ಕುರಿತ ಪ್ರಶ್ನೆಯೊಂದು ಉದ್ಭವಿಸುತ್ತದೆ.

ಎಚ್‌ಟಿಟಿಪಿ ವಿಧಾನದಲ್ಲಿ ಪ್ರತಿಯೊಂದು ಕೋರಿಕೆಯೂ ಪ್ರತ್ಯೇಕವಾದುದು. ಹಿಂದೆ ಕೇಳಿದವರಾರೆಂಬುದು ಮುಂದಿನ ಕೋರಿಕೆಯಿಂದ ತಿಳಿಯದು. ಈ ಕೊರತೆಯನ್ನು ನೀಗಲು ನೆಟ್‌ಸ್ಕೇಪ್ ಸಂಸ್ಥೆಯ ಲೂ ಮೊಂಟುಲಿಯವರು 1994ರಲ್ಲಿ ಕುಕಿಯನ್ನು ರೂಪಿಸಿದರು. ಲಾಗಿನ್ ಆದಾಗ ಸರ್ವರು ಗುರುತುಚೀಟಿಯೊಂದನ್ನು ಕೊಡುತ್ತದೆ. ಮುಂದಿನ ಪ್ರತಿ ಕೋರಿಕೆಯೊಡನೆ ಅದನ್ನು ತೋರಿಸಬೇಕು. ಬ್ರೌಸರು ಈ ಕೆಲಸವನ್ನು ತಾನಾಗಿಯೇ ಮಾಡುತ್ತದೆ. ಸ್ಕ್ರಿಪ್ಟಿನಲ್ಲಿ ಅದರ ಏರ್ಪಾಡನ್ನು ಬರೆಯುವವನೇ ಮಾಡಬೇಕು.

ಕುಕಿಯ ಅವಧಿ ನಡುವೆ ಮುಗಿದರೆ ಅನೇಕ ತಾಣಗಳು ದೋಷವನ್ನು ಸೂಚಿಸದೆ ಲಾಗಿನ್ ಪುಟವನ್ನೇ ಕಳುಹಿಸುತ್ತವೆ. ಸ್ಕ್ರಿಪ್ಟು ಅದನ್ನೇ ಶಾಸನಪುಟವೆಂದು ಉಳಿಸುತ್ತದೆ. ಕಡತಗಳ ಎಣಿಕೆ ಸರಿಯಾಗಿರುತ್ತದೆ, ಒಳಗೆ ಶಾಸನವಿರುವುದಿಲ್ಲ. ಇಂತಹ ಸಂಗ್ರಹವನ್ನು ನಂಬಿ, ಒಂದು ಪದವು ಈ ಶಾಸನಗಳಲ್ಲಿ ದೊರೆಯದೆಂದು ನಿರ್ಣಯಿಸಿದರೆ ಆ ನಿರ್ಣಯಕ್ಕೆ ಆಧಾರವೇ ಇಲ್ಲದಂತಾಗುತ್ತದೆ. ಆದುದರಿಂದ ಪ್ರತಿ ಕಡತದಲ್ಲಿಯೂ ಶಾಸನಸಂಖ್ಯೆ ಇದೆಯೇ ಎಂದು ಪರೀಕ್ಷಿಸಿ, ಸಂಗ್ರಹಿಸಿದ ದಿನಾಂಕವನ್ನು ದಾಖಲಿಸುವುದು ಅವಶ್ಯಕ. ಚಾಲ್ತಿಯಲ್ಲಿರುವ ಕುಕಿಯನ್ನು ಪಡೆದವನು ಪಾಸ್‌ವರ್ಡಿಲ್ಲದೆಯೂ ಖಾತೆಯನ್ನು ಪ್ರವೇಶಿಸಬಹುದಾದ್ದರಿಂದ, ಅದನ್ನು ಕಡತಗಳೊಡನೆ ಇತರರಿಗೆ ಹಂಚಕೂಡದು.