ಮಂತ್ರಾಲೋಚನೆಯ ಆಟ

ಇತಿಹಾಸವೆಂದರೆ ಇಸವಿಗಳ ಬಾಯಿಪಾಠವೆಂದು ನಮ್ಮ ಮಕ್ಕಳು ತಿಳಿದಿದ್ದರೆ ತಪ್ಪು ಅವರದಲ್ಲ. ಪಾಠಪುಸ್ತಕದಲ್ಲಿ ಪ್ರತಿಯೊಂದು ಯುದ್ಧವೂ ಮುಗಿದುಹೋಗಿರುತ್ತದೆ. ಪ್ರತಿಯೊಂದು ಒಪ್ಪಂದಕ್ಕೂ ರುಜು ಬಿದ್ದಿರುತ್ತದೆ. ಆ ಕಾಲದಲ್ಲಿ ಬದುಕಿದ್ದವರಿಗಾದರೋ ನಾಳೆ ಏನೆಂಬುದು ಗೊತ್ತಿರಲಿಲ್ಲ. ಅವರ ಆ ಸಂದಿಗ್ಧವನ್ನು ಮಕ್ಕಳಿಗೆ ಮನಗಾಣಿಸುವುದು ಹೇಗೆ?

ಅಮೆರಿಕದ ಮಿಸೂರಿ ಸಂಸ್ಥಾನದ ಇಂಡಿಪೆಂಡೆನ್ಸ್ ಪಟ್ಟಣದಲ್ಲಿ ಅಧ್ಯಕ್ಷ ಟ್ರೂಮನ್ನರ ಹೆಸರಿನ ಗ್ರಂಥಭಂಡಾರವಿದೆ. ಅಲ್ಲಿ ೨೦೦೧ರಲ್ಲಿ ವಿದ್ಯಾರ್ಥಿಗಳಿಗಾಗಿ ಒಂದು ಆಟದ ಏರ್ಪಾಡಾಯಿತು. ಒಬ್ಬರು ಅಧ್ಯಕ್ಷರಾಗುತ್ತಾರೆ, ಉಳಿದವರು ಸಲಹೆಗಾರರು. ಒಂದು ಕಾಲಕ್ಕೆ ರಹಸ್ಯವಾಗಿದ್ದ ಕಾಗದಪತ್ರಗಳ ಪ್ರತಿಗಳನ್ನೇ ಓದಿ, ವಾದಿಸಿ, ಸಲಹೆ ಹೇಳಬೇಕು.

ತಾವೂ ಒಂದು ಗಳಿಗೆ ಆ ಸಭೆಯಲ್ಲಿ ಕುಳಿತು ನೋಡಿ. ೧೯೪೮ರ ಜೂನ್ ೨೪. ಪಶ್ಚಿಮ ಬರ್ಲಿನ್ನಿಗೆ ಹೋಗುವ ರೈಲು, ರಸ್ತೆ, ಕಾಲುವೆಗಳನ್ನು ರಷ್ಯನ್ನರು ಮುಚ್ಚಿದ್ದಾರೆ. ಒಳಗೆ ಇಪ್ಪತ್ತು ಲಕ್ಷಕ್ಕೂ ಮಿಕ್ಕಿದ ಜನ. ಸುಮಾರು ೩೬ ದಿನದ ಆಹಾರ, ೪೫ ದಿನದ ಕಲ್ಲಿದ್ದಲು. ಊರನ್ನು ಬಿಟ್ಟುಬರೋಣವೆ? ಸೇನಾನಿ ಕ್ಲೇ ಸೂಚಿಸಿದಂತೆ ಸೈನ್ಯದ ಬೆಂಗಾವಲಿನಲ್ಲಿ ರಸ್ತೆಯನ್ನು ತೆರೆಯಿಸೋಣವೆ? ಹಾಗೆ ಮಾಡಿದರೆ ಮತ್ತೊಂದು ಮಹಾಯುದ್ಧದ ಭಯ. ವಿಮಾನದಲ್ಲಿ ಸಾಗಿಸೋಣವೆಂದರೆ ಡಕೋಟ ಹೊರುವುದು ಮೂರು ಟನ್ನಿನಷ್ಟು. ಊರಿಗೆ ದಿನಕ್ಕೆ ಬೇಕಾದುದು ೪,೫೦೦ ಟನ್ನು. ಒಂದು ಅನುಕೂಲವುಂಟು: ಮೂರು ವಾಯುಮಾರ್ಗಗಳಿಗೆ ೧೯೪೫ರ ಲಿಖಿತ ಒಪ್ಪಂದವಿದೆ, ರಸ್ತೆಗೆ ಅಂಥದಿಲ್ಲ. ವಿಮಾನವನ್ನು ತಡೆಯಬೇಕಾದರೆ ರಷ್ಯನ್ನರೇ ಮೊದಲ ಗುಂಡು ಹಾರಿಸಬೇಕು.

ಈಗ ಹೇಳಿ, ತಮ್ಮ ಸಲಹೆಯೇನು?

ನಡೆದುದು ಹೀಗೆ. ಜೂನ್ ೨೬ಕ್ಕೆ ವಿಮಾನಗಳು ಹೊರಟವು. ಊರನ್ನು ಬಿಡಕೂಡದೆಂದು ಟ್ರೂಮನ್ನರು ನಿಶ್ಚಯಿಸಿದಾಗ, ಚಳಿಗಾಲವನ್ನು ಕಳೆಯುವ ದಾರಿ ಯಾರಿಗೂ ಸ್ಪಷ್ಟವಿರಲಿಲ್ಲ. ಜುಲೈ ೨೨ರಂದು ಕ್ಲೇ ವಾಷಿಂಗ್ಟನ್ನಿಗೆ ಬಂದು ದೊಡ್ಡ ವಿಮಾನಗಳನ್ನು ಕೇಳಿದಾಗ ವಿಮಾನಪಡೆಯವರೇ ಹಿಂಜರಿದರು. ವಿಮಾನಗಳೆಲ್ಲ ಅಲ್ಲೇ ಸೇರಿದರೆ ಬೇರೆಡೆಯ ಗತಿಯೇನು? ಆದರೂ ಅಧ್ಯಕ್ಷರು ಕೊಡಿಸಿದರು. ೧೯೪೯ರ ಮೇ ೧೨ರಂದು ದಿಗ್ಬಂಧನ ತೆರವಾಯಿತು. ಒಟ್ಟು ಸಾಗಿದ ಸರಕು ಸುಮಾರು ೨೩ ಲಕ್ಷ ಟನ್ನು. ಆ ಕಾರ್ಯದಲ್ಲಿ ಮಡಿದವರು ನೂರು ಮಂದಿಯಷ್ಟು.

ಫಲವನ್ನು ಬಲ್ಲ ನಮಗೆ ಈಗ ಎಲ್ಲವೂ ಸುಲಭ. ಆಟವಾಡಿದ ಮಗುವಿಗೆ ಮಾತ್ರ ಹಿಂಜರಿದವರು ಹೇಡಿಗಳಲ್ಲ, ಬೇರೆ ದಾರಿ ಹೇಳಿದವರು ಮೂರ್ಖರಲ್ಲ ಎಂಬುದು ತಿಳಿಯುತ್ತದೆ. ಅರಸನು ಮೂರು ನಾಲ್ಕು ಮಂದಿ ಮಂತ್ರಿಗಳೊಡನೆ ಆಲೋಚಿಸಬೇಕೆಂದು ಕೌಟಿಲ್ಯನು ವಿಧಿಸಿದುದರ ಮರ್ಮವೂ ಇದೇ. ಒಬ್ಬನಿಗೆ ಕಾಣದುದು ಇನ್ನೊಬ್ಬನಿಗೆ ಕಂಡೀತು.

ಈ ಆಟದಲ್ಲಿ ಒಂದು ಅಪಾಯವೂ ಉಂಟು. ಟ್ರೂಮನ್ನರು ಮಾಡಿದುದನ್ನೇ ಹೇಳಿದವನು ಗೆದ್ದನೆಂದರೆ ಅದು ಮತ್ತೆ ಬಾಯಿಪಾಠವೇ ಆದೀತು. ಟನ್ನುಗಳ ಲೆಕ್ಕದಲ್ಲಿ ಕೂಸಿನ ಹಾಲೂ ಮುದುಕಿಯ ಒಲೆಯೂ ಇವೆಯೆಂಬುದು ಮರೆತರೆ ಚದುರಂಗದ ಕಾಯಿ ನಡೆಸಿದಂತೆಯೇ ಸರಿ. ಆದುದರಿಂದ ಮಗುವಿನ ಉತ್ತರ ಸರಿಯೋ ತಪ್ಪೋ ಎನ್ನುವ ಮೊದಲು, “ಯಾವ ಕಾಗದವನ್ನು ಓದಿ ಹೀಗೆಂದೆ? ಇದರಿಂದ ಕಷ್ಟ ಯಾರಿಗೆ?” ಎಂದು ಕೇಳಿರಿ.

ಇದಕ್ಕೆ ಖರ್ಚೇನೂ ಇಲ್ಲ. ಜಗಲಿಯ ಮೇಲೆ ನಾಲ್ವರು ಮಕ್ಕಳು ಸಾಕು; ಮುಂದಿನ ಪುಟವನ್ನು ಮಾತ್ರ ತಾವು ಮುಚ್ಚಿಟ್ಟಿರಬೇಕು.