ಮಾಲ್ಟ್
ಹಾವೇರಿ, ರಾಣೆಬೆನ್ನೂರಿನ ಸರ್ಕಾರಿ ಶಾಲೆಗಳಲ್ಲಿ 2024ರಲ್ಲಿ ಬಿಸಿ ಹಾಲಿಗೆ ರಾಗಿ ಮಾಲ್ಟ್ ಬೆರೆತ ಮೇಲೆ ಈ ಪದ ಮಕ್ಕಳ ಬಾಯಲ್ಲೂ ಆಡತೊಡಗಿದೆ. ಮೂಲ ಹಳೆಯ ಇಂಗ್ಲಿಷ್. ಮೆತ್ತಗಾಗು, ಕರಗು ಎಂಬರ್ಥದ ಧಾತುವಿನ ನಂಟು. ನೆನೆಸಿ, ಮೊಳಕೆ ಬರಿಸಿ, ಒಣಗಿಸಿದ ಕಾಳೇ ಮಾಲ್ಟ್. ಮೊಳೆಯುವಾಗ ಹುಟ್ಟುವ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ, ಸಿಹಿ ಅಲ್ಲಿಂದ ಬರುತ್ತದೆ. ಮೊಳಕೆಯನ್ನೇ ಕಾಣದ ಹಿಟ್ಟಿಗೂ ಈ ಹೆಸರಿಡುವುದು ಪದಕ್ಕೆ ಮಾಡುವ ಅನ್ಯಾಯ.

ಸ್ಕಾಟ್ಲೆಂಡಿನ ‘ವೀ ಹೆವಿ’ ಎಂಬ ಸ್ಟ್ರಾಂಗ್ ಏಲ್ ಬಿಯರಿನಲ್ಲಿ ಬಾರ್ಲಿ ಮಾಲ್ಟಿನದೇ ಮೇಲುಗೈ. ಬ್ಯಾಡಗಿ ಮೆಣಸಿನಕಾಯಿ ಬಣ್ಣದಲ್ಲಿ ಗಾಢ, ಖಾರದಲ್ಲಿ ಮೃದು. ಈ ಬಿಯರೂ ಹಾಗೆಯೇ, ಬಣ್ಣ ಕಡುಗೆಂಪು, ಹಾಪ್ಸ್ ಹೂವಿನ ಕಹಿ ಕಡಿಮೆ. ನಾಲಿಗೆಗೆ ಮೊದಲು ಸಿಗುವುದು ಕಂದಿದ ಸಕ್ಕರೆ, ಆಮೇಲೆ ಬ್ರೆಡ್ಡಿನ ಕಂದು ಅಂಚು. ರುಚಿ ಬಲ್ಲವರು ಇದನ್ನೇ ‘ಮಾಲ್ಟಿ’ ಎನ್ನುತ್ತಾರೆ.