ಸೀಟಿನ ಕೆಳಗೊಂದು ಸ್ವಿಚ್ಚು: ಹುಲ್ಲು ಕತ್ತರಿಸುವ ಗಾಡಿಯ ಕಥೆ

ಬೇಸಿಗೆ ಬಂತೆಂದರೆ ನಮ್ಮ ಮುಂಬೈ ಕನ್ನಡಿಗರಲ್ಲಿ ಅನೇಕ ಹಿರಿಯರು ಊರಲ್ಲಿರುವುದಿಲ್ಲ. ಮೊದಲಾದರೆ ರಜೆಗೆ ಧಾರವಾಡಕ್ಕೋ ಉಡುಪಿಗೋ ಹೊರಡುತ್ತಿದ್ದರು. ಈಗ ಮಗನ ಮನೆ ಟೆಕ್ಸಾಸಿನಲ್ಲಿ, ಮಗಳ ಮನೆ ಒಹಾಯೊದಲ್ಲಿ. ಹೋದವರಿಗೆ ಮೊದಲ ವಾರ ಎಲ್ಲಾ ಚೆಂದ. ಆಮೇಲೆ ಕೂತು ಕೂತು ಬೇಜಾರು. ಮನೆಯ ಹಿಂದೆ ಮುಕ್ಕಾಲು ಎಕರೆ ಹುಲ್ಲು, ಗ್ಯಾರೇಜಿನಲ್ಲಿ ಪುಟ್ಟ ಟ್ರಾಕ್ಟರಿನಂಥ ಗಾಡಿ. "ಅಪ್ಪಾ, ಇದನ್ನ ಓಡಿಸೋದು ಸ್ಕೂಟರಿಗಿಂತ ಸುಲಭ" ಅನ್ನುತ್ತಾನೆ ಮಗ. ಓಡಿಸುವುದು ಸುಲಭವೇ. ಆದರೆ ಸ್ಕೂಟರಿನ ಹೊಟ್ಟೆಯ ಕೆಳಗೆ ತಿರುಗುವ ಕತ್ತಿ ಇರುವುದಿಲ್ಲ, ನೋಡಿ.

ಈ ಗಾಡಿಗೆ ಅಲ್ಲಿ ರೈಡಿಂಗ್ ಲಾನ್ ಮೋವರ್ ಅನ್ನುತ್ತಾರೆ. ಇದರ ಚರಿತ್ರೆ ಓದುತ್ತಾ ಹೋದಾಗ ನನಗೊಂದು ವಿಷಯ ಹೊಳೆಯಿತು. ಈ ಯಂತ್ರ ಹುಟ್ಟಿ ಬಹಳ ವರ್ಷಗಳಾದ ಮೇಲೆ ಅದರ ಸುರಕ್ಷತೆಯ ನಿಯಮಗಳು ಬಂದಿವೆ. ಮೊದಲು ಕತ್ತಿ ಬಂತು, ಆಮೇಲೆ ಇಂಜಿನ್, ಆಮೇಲೆ ಕೂರಲು ಸೀಟು. ಎಲ್ಲಕ್ಕಿಂತ ಕೊನೆಗೆ ಬಂದದ್ದು ಸೀಟಿನ ಕೆಳಗಿನ ಒಂದು ಸಣ್ಣ ಸ್ವಿಚ್ಚು. ಆ ಸ್ವಿಚ್ಚು ಯಾಕೆ ಬಂತು ಎಂದು ತಿಳಿದರೆ, ಗಾಡಿ ಓಡಿಸುವ ನಿಯಮಗಳನ್ನು ಬಾಯಿಪಾಠ ಮಾಡಬೇಕಾಗಿಲ್ಲ. ತಾವಾಗಿಯೇ ಅರ್ಥವಾಗುತ್ತವೆ.

ಕಥೆ ಶುರುವಾಗುವುದು ಇಂಗ್ಲೆಂಡಿನಲ್ಲಿ. ಅಲ್ಲಿಯ ಶ್ರೀಮಂತರ ಬಂಗಲೆಗಳ ಮುಂದಿನ ಹುಲ್ಲನ್ನು ಉದ್ದ ಹಿಡಿಯ ಕುಡುಗೋಲಿನಿಂದ ಆಳುಗಳು ಕೊಯ್ಯುತ್ತಿದ್ದರು. ಇಬ್ಬನಿ ಆರುವ ಮೊದಲೇ ಕೊಯ್ಯಬೇಕು, ಒದ್ದೆ ಹುಲ್ಲು ಕುಡುಗೋಲಿಗೆ ಚೆನ್ನಾಗಿ ಸಿಗುತ್ತದೆ. ಗ್ಲಾಸ್ಟರ್‌ಶೈರಿನ ಸ್ಟ್ರೌಡ್ ಎಂಬ ಊರಿನ ಕಡೆ ಉಣ್ಣೆಬಟ್ಟೆಯ ಗಿರಣಿಗಳಿದ್ದವು. ಬಟ್ಟೆಯ ಮೇಲೆ ಎದ್ದು ನಿಂತ ಎಳೆಗಳನ್ನು ಸಮನಾಗಿ ಸವರಲು ಅಲ್ಲಿ ಒಂದು ಯಂತ್ರವಿತ್ತು. ಉರುಳೆಗೆ ಸುತ್ತಿದ ಅಲಗುಗಳು ತಿರುಗುತ್ತಾ ಎಳೆಗಳನ್ನು ಕತ್ತರಿಸುತ್ತಿದ್ದವು. ಎಡ್ವಿನ್ ಬಡ್ಡಿಂಗ್ ಎಂಬ ಮೆಕ್ಯಾನಿಕ್ ಇದನ್ನು ನೋಡಿ, ಬಟ್ಟೆಯ ಮೇಲೆ ನಡೆಯುವ ಕೆಲಸ ಹುಲ್ಲಿನ ಮೇಲೆ ಯಾಕಾಗಬಾರದು ಎಂದು ಯೋಚಿಸಿದ. 1830ರಲ್ಲಿ ಪೇಟೆಂಟ್ ಪಡೆದ. ಅದೇ ಮೊದಲ ಲಾನ್ ಮೋವರ್. 1832ರಲ್ಲಿ ಇಪ್ಸ್‌ವಿಚ್‌ನ ರ‍್ಯಾನ್ಸಮ್ಸ್ ಕಂಪನಿ ಲೈಸೆನ್ಸ್ ಪಡೆದು ಅದನ್ನು ತಯಾರಿಸತೊಡಗಿತು.

ಇಲ್ಲೊಂದು ಮಾತು ಗಮನಿಸಿ. ಬಡ್ಡಿಂಗನ ಯಂತ್ರ ಕತ್ತರಿಯ ಹಾಗೆ ಕೆಲಸ ಮಾಡುತ್ತಿತ್ತು. ತಿರುಗುವ ಅಲಗು, ಕೆಳಗೆ ಅಲುಗದ ಇನ್ನೊಂದು ಅಲಗು, ನಡುವೆ ಸಿಕ್ಕ ಹುಲ್ಲು ಕಟ್. ತಳ್ಳುವವನು ನಿಂತರೆ ಯಂತ್ರವೂ ನಿಂತಿತು. ಆಗ ಬೇರೆ ಸ್ವಿಚ್ಚಿನ ಅಗತ್ಯವೇ ಇರಲಿಲ್ಲ. ಮನುಷ್ಯನೇ ಇಂಜಿನ್, ಮನುಷ್ಯನೇ ಬ್ರೇಕು!

ಮುಂದೆ 1842ರಲ್ಲಿ ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಶ್ಯಾಂಕ್ಸ್ ಪುಟ್ಟ ಜಾತಿಯ ಕುದುರೆ ಎಳೆಯುವ ದೊಡ್ಡ ಯಂತ್ರಕ್ಕೆ ಪೇಟೆಂಟ್ ತೆಗೆದುಕೊಂಡ. ಕುದುರೆಯ ಗೊರಸಿನ ಗುರುತು ಹುಲ್ಲಿನ ಮೇಲೆ ಬೀಳಬಾರದೆಂದು ಅದಕ್ಕೆ ಚರ್ಮದ ಬೂಟು ತೊಡಿಸುತ್ತಿದ್ದರಂತೆ. ಹುಲ್ಲಿನ ಬಗ್ಗೆ ಅಷ್ಟು ಕಾಳಜಿ! 1893ರಲ್ಲಿ ಲ್ಯಾಂಕಶೈರಿನ ಲೇಲ್ಯಾಂಡ್ ಎಂಬ ಊರಿನ ಜೇಮ್ಸ್ ಸಮ್ನರ್ ಉಗಿಯಿಂದ ಓಡುವ ಮೋವರಿಗೆ ಪೇಟೆಂಟ್ ಪಡೆದ. ಲೇಲ್ಯಾಂಡ್ ಅಂದ ಕೂಡಲೇ ನಿಮಗೆ ನೆನಪಾಗಿದ್ದು ಸರಿಯೇ. ಸಮ್ನರ್ ಮತ್ತು ಸ್ಪರಿಯರ್ ಮನೆತನದವರು ಸೇರಿ 1896ರಲ್ಲಿ ಕಟ್ಟಿದ ಕಂಪನಿಯೇ ಮುಂದೆ ಲೇಲ್ಯಾಂಡ್ ಮೋಟಾರ್ಸ್ ಆಯಿತು. ಚೆನ್ನೈಯ ಅಶೋಕ್ ಮೋಟಾರ್ಸ್ ಜತೆ ಅದರ ಹೆಸರು ಸೇರಿ 1955ರಲ್ಲಿ ಅಶೋಕ್ ಲೇಲ್ಯಾಂಡ್ ಆಯಿತು. ರಾತ್ರಿ ಬಸ್ಸಿನಲ್ಲಿ ಕೂತು ಊರಿಗೆ ಹೋಗಿಬಂದ ನಮ್ಮಂಥವರಿಗೂ ಈ ಹುಲ್ಲಿನ ಯಂತ್ರಕ್ಕೂ ಹೀಗೊಂದು ದೂರದ ನಂಟು.

1902ರಲ್ಲಿ ರ‍್ಯಾನ್ಸಮ್ಸ್‌ನವರು ಪೆಟ್ರೋಲ್ ಮೋವರನ್ನು ಮಾರುಕಟ್ಟೆಗೆ ತಂದರು. ನಿಜವಾದ ಬದಲಾವಣೆ ಬಂದದ್ದು ಕತ್ತಿ ಮಲಗಿದಾಗ. ಅಂದರೆ, ಸುರುಳಿ ಅಲಗುಗಳ ಬದಲು ನಮ್ಮ ಸೀಲಿಂಗ್ ಫ್ಯಾನಿನ ಹಾಗೆ ಅಡ್ಡಡ್ಡ ತಿರುಗುವ ಪಟ್ಟಿ ಬಂತು. ಇಂಗ್ಲೆಂಡಿನಲ್ಲಿ 1933ರಲ್ಲಿ ರೋಟೋಸೈದ್ ಎಂಬ ಹೆಸರಿನಲ್ಲಿ ಇಂಥದ್ದು ಮಾರಾಟಕ್ಕೆ ಬಂತು. 1952ರಲ್ಲಿ ಸಿಡ್ನಿಯ ಮರ್ವಿನ್ ರಿಚರ್ಡ್‌ಸನ್ ಮನೆಯ ಗ್ಯಾರೇಜಿನಲ್ಲಿ, ಪೀಚ್ ಹಣ್ಣಿನ ಖಾಲಿ ಡಬ್ಬವನ್ನೇ ಪೆಟ್ರೋಲ್ ಟ್ಯಾಂಕ್ ಮಾಡಿಕೊಂಡು ಒಂದನ್ನು ಕಟ್ಟಿದ. ಅದೇ ವಿಕ್ಟಾ, ಆಸ್ಟ್ರೇಲಿಯಾದ ಮನೆಮಾತು.

ಅಡ್ಡ ತಿರುಗುವ ಅಲಗು ಅಗ್ಗ, ಸರಳ, ಎತ್ತರದ ಹುಲ್ಲಿಗೂ ಜಗ್ಗುವುದಿಲ್ಲ. ಆದರೆ ಅದು ಕತ್ತರಿಯ ಹಾಗೆ ಎರಡು ಅಲಗಿನ ನಡುವೆ ಕತ್ತರಿಸುವುದಲ್ಲ, ಬರೀ ವೇಗದಿಂದ ಬಡಿದು ಕತ್ತರಿಸುವುದು. ಅಮೆರಿಕದ ಮಾನದಂಡ ಅಲಗಿನ ತುದಿಗೆ ಹಾಕಿರುವ ಮಿತಿ ನಿಮಿಷಕ್ಕೆ 19,000 ಅಡಿ. ನಮ್ಮ ಲೆಕ್ಕದಲ್ಲಿ ಗಂಟೆಗೆ ಸುಮಾರು 347 ಕಿಲೋಮೀಟರ್! ಆ ವೇಗಕ್ಕೆ ಹುಲ್ಲು ಬೇರೆಯಲ್ಲ, ಕಲ್ಲು ಬೇರೆಯಲ್ಲ, ಕಾಲ್ಬೆರಳು ಬೇರೆಯಲ್ಲ. ಇಂಜಿನ್ ಆರಿಸಿದ ಮೇಲೂ ಅಲಗು ಕೆಲವು ಕ್ಷಣ ತಿರುಗುತ್ತಲೇ ಇರುತ್ತದೆ. ತಳ್ಳುವವನು ನಿಂತರೆ ಯಂತ್ರವೂ ನಿಲ್ಲುವ ಬಡ್ಡಿಂಗನ ಕಾಲ ಅಲ್ಲಿಗೆ ಮುಗಿಯಿತು.

ಇನ್ನು ಸೀಟಿನ ವಿಚಾರ. ಇಲ್ಲಿ ಬ್ಯಾಂಕಿನವನಾದ ನನಗೆ ಸ್ವಲ್ಪ ಆಸಕ್ತಿ ಹೆಚ್ಚು, ಯಾಕೆಂದರೆ ಇದು ಗೃಹಸಾಲದ ಕಥೆಯೂ ಹೌದು. 1944ರಲ್ಲಿ ಅಮೆರಿಕ ಸರಕಾರ ಜಿಐ ಬಿಲ್ ಎಂಬ ಕಾಯ್ದೆ ತಂದು, ಯುದ್ಧದಿಂದ ಮರಳಿದ ಸೈನಿಕರ ಮನೆಸಾಲಕ್ಕೆ ಜಾಮೀನು ನಿಂತಿತು. ಸರಕಾರವೇ ಗ್ಯಾರಂಟಿ ಕೊಟ್ಟರೆ ಯಾವ ಬ್ಯಾಂಕು ಸಾಲ ಬೇಡ ಅನ್ನುತ್ತದೆ ಹೇಳಿ? ಪಟ್ಟಣಗಳ ಹೊರಗೆ ಸಾಲು ಸಾಲು ಮನೆಗಳೆದ್ದವು. ನ್ಯೂಯಾರ್ಕ್ ಹತ್ತಿರದ ಲೆವಿಟ್‌ಟೌನಿನಲ್ಲಿ 1947ರಿಂದ 1951ರೊಳಗೆ 17 ಸಾವಿರಕ್ಕೂ ಹೆಚ್ಚು ಮನೆ ಕಟ್ಟಿದರು. (ಕರಿಯ ಜನಾಂಗದವರಿಗೆ ಮಾತ್ರ ಅಲ್ಲಿ ಮನೆ ಕೊಡಲಿಲ್ಲ ಎನ್ನುವುದನ್ನೂ ಮರೆಯಬಾರದು.) ಮನೆಗೊಂದು ಹುಲ್ಲುಹಾಸು, ಅದನ್ನು ವಾರಕ್ಕೊಮ್ಮೆ ಕತ್ತರಿಸಬೇಕೆಂಬ ಷರತ್ತು ಬೇರೆ. ಇಂಗ್ಲೆಂಡಿನಲ್ಲಿ ಜಮೀನ್ದಾರನ ಆಳು ಮಾಡುತ್ತಿದ್ದ ಕೆಲಸ ಇಲ್ಲಿ ಗುಮಾಸ್ತನ ಶನಿವಾರದ ಕೆಲಸವಾಯಿತು.

ನಿವೇಶನಗಳು ದೊಡ್ಡದಾದಂತೆ ನಡೆದು ತಳ್ಳುವುದು ಕಷ್ಟವಾಯಿತು. 1946ರಲ್ಲಿ ಶುರುವಾದ ವ್ಹೀಲ್ ಹಾರ್ಸ್, 1961ರ ಕಬ್ ಕೆಡೆಟ್, 1963ರ ಜಾನ್ ಡೀರ್ 110... ಹೀಗೆ ಹೊಲದ ಟ್ರಾಕ್ಟರು ಕುಗ್ಗಿ ಮನೆಯಂಗಳಕ್ಕೆ ಬಂತು. ಅಲ್ಲಿಯವರಿಗೆ ಇದು ಎಷ್ಟು ಆಪ್ತ ಅಂದರೆ, 1994ರಲ್ಲಿ ಅಯೋವಾದ 73 ವರ್ಷದ ಆಲ್ವಿನ್ ಸ್ಟ್ರೇಟ್ ಎಂಬ ಅಜ್ಜ, ಕಣ್ಣು ಮಂಜಾಗಿ ಡ್ರೈವಿಂಗ್ ಲೈಸೆನ್ಸ್ ಇಲ್ಲದ್ದರಿಂದ, ಕಾಯಿಲೆ ಬಿದ್ದ ಅಣ್ಣನನ್ನು ನೋಡಲು ಸುಮಾರು 240 ಮೈಲಿ ದೂರ ಈ ಗಾಡಿಯಲ್ಲೇ ಹೋದ! 1999ರಲ್ಲಿ ಡೇವಿಡ್ ಲಿಂಚ್ ಅದನ್ನು 'ದಿ ಸ್ಟ್ರೇಟ್ ಸ್ಟೋರಿ' ಎಂಬ ಸಿನಿಮಾ ಮಾಡಿದರು. ಸಿಕ್ಕರೆ ನೋಡಿ.

ಆದರೆ ಆಟಿಕೆಯ ಹಾಗೆ ಕಂಡ ಗಾಡಿ ಆಟಿಕೆಯಾಗಿರಲಿಲ್ಲ. ಗೃಹಬಳಕೆಯ ವಸ್ತುಗಳ ಸುರಕ್ಷತೆಯನ್ನು ಪರಿಶೀಲಿಸಿದ ಅಮೆರಿಕದ ರಾಷ್ಟ್ರೀಯ ಆಯೋಗವೊಂದು 1970ರಲ್ಲಿ ವರದಿ ಕೊಟ್ಟಿತು. ಅಪಾಯಕಾರಿ ವಸ್ತುಗಳ ಪಟ್ಟಿಯಲ್ಲಿ ಅಡ್ಡ ಅಲಗಿನ ಮೋವರೂ ಇತ್ತು. 1972ರ ಕಾಯ್ದೆಯಿಂದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗ ಹುಟ್ಟಿತು. ನಡೆದು ತಳ್ಳುವ ಮೋವರುಗಳಲ್ಲಿ ಹಿಡಿ ಬಿಟ್ಟ ಮೂರು ಸೆಕೆಂಡಿನೊಳಗೆ ಅಲಗು ನಿಲ್ಲಲೇಬೇಕು ಎಂಬ ನಿಯಮ 1982ರಲ್ಲಿ ಕಡ್ಡಾಯವಾಯಿತು. ಕೂತು ಓಡಿಸುವ ಗಾಡಿಗೆ ಮಾತ್ರ ಸರಕಾರ ಇಂಥ ಕಡ್ಡಾಯ ಮಾಡಲಿಲ್ಲ. ಅದನ್ನು ತಯಾರಕರೇ ಒಪ್ಪಿಕೊಳ್ಳುವ ಮಾನದಂಡಕ್ಕೆ ಬಿಟ್ಟಿತು. 1980ರ ದಶಕದಲ್ಲಿ ಆ ಮಾನದಂಡದ ಮೂಲಕ ಬಂದದ್ದೇ ನಮ್ಮ ಸೀಟಿನ ಸ್ವಿಚ್ಚು. ಅಲಗು ತಿರುಗುತ್ತಿರುವಾಗ ಓಡಿಸುವವರು ಸೀಟಿನಿಂದ ಎದ್ದರೆ ಅಥವಾ ಬಿದ್ದರೆ, ಅಲಗು ತಾನಾಗಿ ನಿಲ್ಲಬೇಕು.

ಬ್ಯಾಂಕಿನವರಿಗೆ ಇದು ಹೊಸದಲ್ಲ. ನಮ್ಮಲ್ಲಿ ಸೇಫಿಗೆ ಎರಡು ಕೀಲಿ, ಇಬ್ಬರ ಕೈಯಲ್ಲಿ. ಯಾರನ್ನೂ ಕಳ್ಳರೆಂದು ತಿಳಿದು ಮಾಡಿದ ನಿಯಮವಲ್ಲ ಅದು. ಮನುಷ್ಯನ ಮನಸ್ಸು, ಗಮನ, ಆರೋಗ್ಯ ಎಲ್ಲಾ ದಿನ ಒಂದೇ ತರಹ ಇರುವುದಿಲ್ಲ ಎಂಬ ಅರಿವಿನಿಂದ ಬಂದದ್ದು. ಕೆಲಸ ಬೇಗ ಆಗಲಿ ಎಂದು ಎರಡೂ ಕೀಲಿ ಒಬ್ಬರ ಜೇಬಿಗೆ ಬಂದ ದಿನ, ನಿಯಮ ಪುಸ್ತಕದಲ್ಲಿ ಇರುತ್ತದೆ, ರಕ್ಷಣೆ ಇರುವುದಿಲ್ಲ. ಮೋವರಿನಲ್ಲೂ ಇದೇ ಚಾಳಿ. ಹಳ್ಳ ದಿಣ್ಣೆಯಲ್ಲಿ ಕುಲುಕಿದಾಗ ಇಂಜಿನ್ ನಿಂತುಹೋಗುತ್ತದೆ ಎಂದು ಕೆಲವರು ಸೀಟಿನ ಸ್ವಿಚ್ಚಿನ ವೈರನ್ನು ಜೋಡಿಸಿ ಸುಮ್ಮನಾಗಿಸುತ್ತಾರೆ. ಕಿರಿಕಿರಿ ತಪ್ಪುತ್ತದೆ ನಿಜ. ಮುಂದೊಂದು ದಿನ ಆ ಗಾಡಿಯ ಮೇಲೆ ಏನೂ ತಿಳಿಯದ ಅಪ್ಪನೋ ಮಾವನೋ ಕೂರುತ್ತಾರೆ. ಆದ್ದರಿಂದ ಹೋದವರು ಮೊದಲು ಕೇಳಬೇಕಾದ ಪ್ರಶ್ನೆ ಇದು: "ಈ ಸ್ವಿಚ್ಚು ಕೆಲಸ ಮಾಡುತ್ತಾ?" ಪರೀಕ್ಷಿಸುವ ಕ್ರಮ ಗಾಡಿಯ ಕೈಪಿಡಿಯಲ್ಲೇ ಇರುತ್ತದೆ. ಕೆಲಸ ಮಾಡದಿದ್ದರೆ ರಿಪೇರಿ ಆಗುವವರೆಗೆ ಗಾಡಿ ಮುಟ್ಟಬೇಡಿ.

ಉಳಿದ ನಿಯಮಗಳೂ ಇದೇ ತರ್ಕದವು. ಶುರು ಮಾಡುವ ಮೊದಲು ಅಂಗಳವನ್ನು ನಡೆದು ನೋಡಿ ಕಲ್ಲು, ವೈರು, ಆಟಿಕೆ, ಒಣಕೊಂಬೆ ತೆಗೆಯಬೇಕು. 347 ಕಿಲೋಮೀಟರ್ ವೇಗದ ಲೆಕ್ಕ ನೆನಪಿರಲಿ. ಹುಲ್ಲು ಹೊರಗೆ ಚಿಮ್ಮುವ ಬಾಯಿಯ ಮುಚ್ಚಳ ಸ್ವಸ್ಥಾನದಲ್ಲಿರಬೇಕು, ಅದು ಮನೆ, ರಸ್ತೆ, ಜನರ ಕಡೆಗೆ ತಿರುಗಿರಬಾರದು. ಪೆಟ್ರೋಲನ್ನು ಗ್ಯಾರೇಜಿನ ಹೊರಗೆ, ಇಂಜಿನ್ ತಣ್ಣಗಿದ್ದಾಗಲೇ ತುಂಬಿಸಬೇಕು. ಎಣ್ಣೆ, ಎರಡೂ ಬದಿಯ ಟೈರಿನ ಗಾಳಿ ನೋಡಬೇಕು. ಗಾಳಿ ಹೆಚ್ಚುಕಡಿಮೆಯಾದರೆ ಅಲಗು ಓರೆಯಾಗಿ ಒಂದು ಕಡೆ ಮಣ್ಣನ್ನೇ ಕೆರೆಯುತ್ತದೆ. ಕಾಲಿಗೆ ಚಪ್ಪಲಿಯಲ್ಲ, ಗಟ್ಟಿ ಬೂಟು. ಪಂಚೆ, ಸೀರೆ ಉಟ್ಟುಕೊಂಡಂತೂ ಬೇಡವೇ ಬೇಡ.

ಇಳಿಜಾರು ಇದ್ದರೆ ಇನ್ನೂ ಹುಷಾರು. ತಳ್ಳುವ ಮೋವರನ್ನು ಇಳಿಜಾರಿಗೆ ಅಡ್ಡಲಾಗಿ ನಡೆಸಬೇಕು, ಇಲ್ಲದಿದ್ದರೆ ಕಾಲು ಜಾರಿ ಅಲಗಿನಡಿ ಹೋಗಬಹುದು. ಕೂತು ಓಡಿಸುವುದನ್ನು ಮೇಲೆ ಕೆಳಗೆ ನೇರವಾಗಿ ನಡೆಸಬೇಕು, ಅಡ್ಡ ಹೋದರೆ ಗಾಡಿ ಮಗುಚಬಹುದು. ಸಾಮಾನ್ಯ ಮಿತಿ 15 ಡಿಗ್ರಿ, ಅಂದರೆ ಹತ್ತು ಅಡಿ ಮುಂದೆ ಹೋದಾಗ ಸುಮಾರು ಎರಡೂ ಮುಕ್ಕಾಲು ಅಡಿ ಏರು. ಕೈಪಿಡಿಯಲ್ಲಿ ಅದಕ್ಕಿಂತ ಕಡಿಮೆ ಬರೆದಿದ್ದರೆ ಅದೇ ಅಂತಿಮ. ಇಳಿಜಾರಿನಲ್ಲಿ ಥಟ್ಟನೆ ತಿರುಗಿಸಬಾರದು, ಕೆರೆ, ಹಳ್ಳದ ಅಂಚಿಗೆ ಹೋಗಬಾರದು. ಹುಲ್ಲು ಒದ್ದೆಯಿದ್ದರೆ ಆ ದಿನ ಬಿಡಿ. ಕುಡುಗೋಲಿಗೆ ಇಬ್ಬನಿ ಬೇಕಿತ್ತು, ಈ ಟೈರಿಗೆ ಒಣನೆಲ ಬೇಕು. ಇಳಿಯುವಾಗ ಅಲಗಿನ ಸಂಪರ್ಕ ತಪ್ಪಿಸಿ, ಬ್ರೇಕ್ ಹಾಕಿ, ಇಂಜಿನ್ ಆರಿಸಿ, ಕೀಲಿ ಜೇಬಿಗೆ. ಸಿಕ್ಕಿಕೊಂಡ ಹುಲ್ಲನ್ನು ಕೈಯಿಂದ ತೆಗೆಯುವುದಾದರೆ ಅಲಗು ಪೂರ್ತಿ ನಿಂತ ಮೇಲೆ, ಸ್ಪಾರ್ಕ್ ಪ್ಲಗ್ಗಿನ ವೈರು ಬಿಚ್ಚಿ.

ಮಕ್ಕಳ ವಿಚಾರವನ್ನು ಬೇಕೆಂದೇ ಕೊನೆಗೆ ಇಟ್ಟುಕೊಂಡಿದ್ದೇನೆ. ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಒಂದು ಸುತ್ತು ಹೊಡೆಯುವುದು ಅಜ್ಜಂದಿರಿಗೆ ದೊಡ್ಡ ಸುಖ. ಊರಿನಲ್ಲಿ ಎತ್ತಿನ ಗಾಡಿ, ಟ್ರಾಕ್ಟರಿನಲ್ಲಿ ನಾವೂ ಹಾಗೇ ಕೂತವರಲ್ಲವೇ? ಆದರೆ ಜಾರಿದ ಮಗು ಬೀಳುವುದು ಅಲಗಿನ ಪಕ್ಕಕ್ಕೆ. ಸೀಟಿನ ಸ್ವಿಚ್ಚು ಅಜ್ಜನ ತೂಕವನ್ನು ಬಲ್ಲದು, ಮಗು ಬಿದ್ದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಇಷ್ಟೆಲ್ಲಾ ಅನುಭವದಿಂದ ಕಟ್ಟಿದ ಯಂತ್ರ ಇಲ್ಲಿ ಕುರುಡು. ಅದಕ್ಕಿಂತ ಕೆಟ್ಟದ್ದು, ಒಮ್ಮೆ ಸವಾರಿಯ ರುಚಿ ಕಂಡ ಮಗು ಮುಂದಿನ ಸಲ ಗಾಡಿಯ ಸದ್ದು ಕೇಳಿದರೆ ತಾನಾಗಿಯೇ ಓಡಿ ಬರುತ್ತದೆ, ಅದೂ ಹಿಂದಿನಿಂದ. ರಿವರ್ಸ್ ತೆಗೆದುಕೊಳ್ಳುವಾಗ ಆದ ಅನಾಹುತಗಳ ಕಾರಣದಿಂದಲೇ, ಹಿಂದೆ ಸರಿಯುವಾಗ ಅಲಗು ನಿಲ್ಲುವ ವ್ಯವಸ್ಥೆ ಆಮೇಲೆ ಬಂತು. ಅದನ್ನು ಬೇಕೆಂದಾಗ ರದ್ದು ಮಾಡುವ ಗುಂಡಿಯೂ ಹಲವು ಗಾಡಿಗಳಲ್ಲಿದೆ. ಆ ಗುಂಡಿಯ ಗೋಜಿಗೆ ಹೋಗಬೇಡಿ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2001ರಲ್ಲೇ ಹೇಳಿದೆ: 16 ವರ್ಷ ತುಂಬದವರು ಈ ಗಾಡಿ ಓಡಿಸಬಾರದು, ಮಕ್ಕಳನ್ನು ಪ್ರಯಾಣಿಕರಾಗಿಯೂ ಕೂರಿಸಬಾರದು. ಹುಲ್ಲು ಕತ್ತರಿಸುವಾಗ ಮಕ್ಕಳು ಮನೆಯೊಳಗೆ, ಒಬ್ಬ ದೊಡ್ಡವರ ಕಣ್ಣೆದುರು ಇರಬೇಕು. ಫೋಟೋ ಬೇಕಾದರೆ ಇಂಜಿನ್ ಆರಿಸಿ ಗಾಡಿಯ ಪಕ್ಕದಲ್ಲೂ ನಿಲ್ಲಬೇಡಿ, ಹೂವಿನ ಗಿಡದ ಪಕ್ಕ ನಿಲ್ಲಿ. ಮಗುವಿಗೆ ಆ ಗಾಡಿಯ ಮೋಹವೇ ಹತ್ತದಿರಲಿ.

ಇತ್ತೀಚೆಗೆ ಬ್ಯಾಟರಿಯ ಗಾಡಿಗಳೂ ಬಂದಿವೆ. ಹೊಗೆಯಿಲ್ಲ, ಸದ್ದು ಕಡಿಮೆ. ಸದ್ದು ಕಡಿಮೆ ಎಂದ ಮಾತ್ರಕ್ಕೆ ಅಲಗು ಮೊಂಡಲ್ಲ, ಅಷ್ಟು ನೆನಪಿದ್ದರೆ ಸಾಕು.

ಈ ಬೇಸಿಗೆಗೆ ಹೊರಡುವವರು ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಉಪ್ಪಿನಕಾಯಿಯ ಜೊತೆಗೆ ಆ ಒಂದು ಪ್ರಶ್ನೆಯನ್ನೂ ಕಟ್ಟಿಕೊಂಡು ಹೋಗಿ. ಮಗ ನಕ್ಕರೆ ನಗಲಿ. ಕೇಳಿದ ಮೇಲೆಯೇ ಸೀಟಿನ ಮೇಲೆ ಕೂರಿ.